ಬಯಾಪ್ಸಿ ಹೇಳಿದ್ದು ಮತ್ತು ಹೇಳದೇ ಬಿಟ್ಟದ್ದು: ಗರಿ ಕೀಳುವ ಗಿಳಿಗಳ ಚಿಕಿತ್ಸಾಸಾಹಿತ್ಯವನ್ನು ಕುರಿತು

ಪಂಜರದ ಗಿಳಿಗಳು ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುವ, ಕಚ್ಚಿ ಸೀಳಿಕೊಳ್ಳುವ, ಕೆಲವೊಮ್ಮೆ ಚರ್ಮವನ್ನೂ ಗಾಯ ಮಾಡಿಕೊಳ್ಳುವ ತೊಂದರೆಯ ಬಗೆಗಿನ ಪಶುವೈದ್ಯಕೀಯ ಬರವಣಿಗೆಯಲ್ಲಿ ಒಂದು ಅಧ್ಯಯನಕ್ಕೆ ಬಹುಮಟ್ಟಿಗೆ ಪ್ರಶ್ನಾತೀತವಾದ ಸ್ಥಾನ ದೊರೆತಿದೆ. 2008ರಲ್ಲಿ ‘ವೆಟರ್ನರಿ ಪೆಥಾಲಜಿ’ ಪತ್ರಿಕೆಯಲ್ಲಿ ಮೈಕೆಲ್ ಗಾರ್ನರ್, ಸೂಸನ್ ಕ್ಲಬ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಈ ಅಧ್ಯಯನವು ಗರಿ ಕೀಳುವ ಅಥವಾ ಮೈ ಗಾಯ ಮಾಡಿಕೊಳ್ಳುವ 408 ಗಿಳಿಜಾತಿಯ ಹಕ್ಕಿಗಳ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 210 ಹಕ್ಕಿಗಳಲ್ಲಿ ಉರಿಯೂತದ ಚರ್ಮರೋಗವನ್ನೂ 198 ಹಕ್ಕಿಗಳಲ್ಲಿ ಗಾಯಜನ್ಯ ಚರ್ಮರೋಗವನ್ನೂ ಗುರುತಿಸಿತು. ಅಂದಿನಿಂದ ಈ ಎರಡು ಸಂಖ್ಯೆಗಳು, ಗರಿ ಕೀಳುವ ಗಿಳಿಗಳಲ್ಲಿ ಅರ್ಧದಷ್ಟಕ್ಕೆ ಚರ್ಮದ ಕಾಯಿಲೆ, ಉಳಿದರ್ಧಕ್ಕೆ ಮನಸ್ಸಿನ ಕಾಯಿಲೆ ಎಂಬ ಸುಲಭದ ಸೂತ್ರವಾಗಿ ಓಡಾಡುತ್ತಿವೆ. ಸೂತ್ರದ ಉತ್ತರಾರ್ಧವು ಅಧ್ಯಯನದ ದತ್ತಾಂಶದಿಂದ ಹೊರಡುವುದೇ ಇಲ್ಲ. ಅದಕ್ಕಿಂತ ಐದು ವರ್ಷ ಮೊದಲು, 2003ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಶೆರಿಲ್ ಮೀಹನ್, ಜೇಮ್ಸ್ ಮಿಲಮ್ ಮತ್ತು ಜಾಯ್ ಮೆಂಚ್ ಪ್ರಕಟಿಸಿದ ಒಂದು ಪ್ರಯೋಗವು ಗರಿ ಕೀಳುವಿಕೆಯನ್ನು ತಡೆಯಬಹುದು, ಶುರುವಾದದ್ದನ್ನು ತಗ್ಗಿಸಲೂಬಹುದು ಎಂದು ನೇರವಾಗಿ ತೋರಿಸಿತ್ತು. ಮೊದಲನೆಯದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಸಂದಿದೆ. ಎರಡನೆಯದನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಚಿಕಿತ್ಸೆಯ ಹೊತ್ತಿಗೆ ಅದು ಸಲಹೆಗಳ ಕೊನೆಯ ಸಾಲಿಗೆ ಜಾರುತ್ತದೆ.

ಗರಿ ಕೀಳುವಿಕೆಯ ಹಿಂದೆ ಇರಬಹುದಾದ ದೈಹಿಕ ಕಾರಣಗಳ ಪಟ್ಟಿ ಈ ವಿಷಯದ ಓದುಗರಿಗೆ ಪರಿಚಿತವಾದದ್ದು. ಸರ್ಕೋವೈರಸ್ ತರುವ ಕೊಕ್ಕು-ಗರಿ ರೋಗ, ಯಕೃತ್ತಿನ ತೊಂದರೆ, ಬರೀ ಕಾಳಿನ ಆಹಾರದಿಂದ ಬರುವ ಎ-ಜೀವಸತ್ವದ ಕೊರತೆ, ತಂತಿಯ ಲೇಪನವನ್ನು ಕೆರೆದು ನುಂಗಿದ ಸತು ಅಥವಾ ಸೀಸದ ವಿಷ, ಕಾಕಟೀಲ್‌ಗಳಲ್ಲಿ ನವೆಯೊಡನೆ ತಳಕು ಹಾಕಿರುವ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ, ಹೀಗೆ ಅದು ಮುಂದುವರಿಯುತ್ತದೆ. ಸಾಕಿದವರು ಮೊದಲು ಶಂಕಿಸುವ ಹೇನು-ನುಸಿಗಳು ಮನೆಯೊಳಗಿನ ಗಿಳಿಗಳಲ್ಲಿ ವಾಸ್ತವವಾಗಿ ವಿರಳ. ತಲೆಯ ಗರಿಗಳ ಮಾತನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ವಾದ ಅದರ ಮೇಲೆ ನಿಂತಿದೆ. ಗಿಳಿಯ ಕೊಕ್ಕು ಅದರ ಎದೆ, ಹೊಟ್ಟೆ, ರೆಕ್ಕೆಯಡಿ ಮತ್ತು ತೊಡೆಗಳನ್ನು ಮುಟ್ಟುತ್ತದೆ, ನೆತ್ತಿಯನ್ನು ಮುಟ್ಟಲಾರದು. ಆದ್ದರಿಂದ ಮೈ ಬೋಳಾಗಿ ತಲೆ ಮಾತ್ರ ತುಂಬುಗರಿಯಿಂದ ಇದ್ದರೆ ಕೀಳುತ್ತಿರುವುದು ಆ ಹಕ್ಕಿಯೇ ಎಂದೂ, ತಲೆಯೂ ಬೋಳಾಗಿದ್ದರೆ ಜೊತೆಯ ಹಕ್ಕಿಯ ಕೈವಾಡವನ್ನೋ ಗರಿಯನ್ನೇ ಕೆಡಿಸುವ ರೋಗವನ್ನೋ ಹುಡುಕಬೇಕೆಂದೂ ವೈದ್ಯರು ತೀರ್ಮಾನಿಸುತ್ತಾರೆ. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಇಡೀ ಕ್ಷೇತ್ರದಲ್ಲಿ ಅತ್ಯಂತ ನಂಬಲರ್ಹವಾದವುಗಳಲ್ಲಿ ಒಂದು.

2008ರ ಅಧ್ಯಯನದ ವಿಧಾನ ಇದೇ ತರ್ಕವನ್ನು ಚರ್ಮದೊಳಕ್ಕೆ ಒಯ್ಯುತ್ತದೆ, ಮತ್ತು ಅದರ ಜಾಣ್ಮೆಯನ್ನು ಮೊದಲು ಒಪ್ಪಬೇಕು. ಬಯಾಪ್ಸಿ ಎಂದರೆ ಅಂಗಾಂಶದ ಒಂದು ಸಣ್ಣ ಚೂರನ್ನು ತೆಗೆದು ಪರೀಕ್ಷಿಸುವುದು. ಗರಿ ಕಿತ್ತ ಜಾಗದಿಂದ ಮಾತ್ರ ಚೂರು ತೆಗೆದರೆ ಅಲ್ಲಿ ಕಾಣುವ ಉರಿಯೂತವು ಕೀಳುವಿಕೆಗೆ ಕಾರಣವೋ ಕೀಳುವಿಕೆಯ ಫಲವೋ ಎಂದು ತಿಳಿಯುವ ದಾರಿಯಿಲ್ಲ, ಏಕೆಂದರೆ ಕೊಕ್ಕಿನ ಹೊಡೆತಕ್ಕೆ ಸಿಕ್ಕಿದ ಯಾವ ಚರ್ಮವೂ ಊದಿಕೊಳ್ಳುತ್ತದೆ. ಅದಕ್ಕಾಗಿ ಸಂಶೋಧಕರು ಒಂದೇ ಹಕ್ಕಿಯಿಂದ ಎರಡು ಚೂರುಗಳನ್ನು ಅಳತೆಗೆ ಇಟ್ಟರು: ಒಂದು ಹಾನಿಗೊಂಡ ಜಾಗದ್ದು, ಇನ್ನೊಂದು ಹಾನಿಯಿಲ್ಲದ ಜಾಗದ್ದು. ಒಳಚರ್ಮದ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳು, ಅವುಗಳಲ್ಲಿಯೂ ಮುಖ್ಯವಾಗಿ ಲಿಂಫೋಸೈಟ್‌ಗಳು, ಎರಡೂ ಜಾಗಗಳಲ್ಲಿ ಗುಂಪುಗೂಡಿದ್ದರೆ ಅದನ್ನು ಉರಿಯೂತದ ಚರ್ಮರೋಗವೆಂದು ಕರೆದರು. ಹಾನಿಗೊಂಡ ಜಾಗದಲ್ಲಿ ಮೇಲುಪದರದ ಕಲೆಗಟ್ಟುವಿಕೆ ಇದ್ದು, ಹಾನಿಯಿಲ್ಲದ ಜಾಗದಲ್ಲಿ ಉರಿಯೂತ ಇಲ್ಲದಿದ್ದರೆ ಗಾಯಜನ್ಯ ಚರ್ಮರೋಗವೆಂದರು. ಹಕ್ಕಿಯನ್ನು ಅದರೊಡನೆಯೇ ಹೋಲಿಸುವ ಈ ಕ್ರಮ, ಹಿಂದಿನ ಒಂಟಿಚೂರಿನ ವರದಿಗಳಿಗಿಂತ ಬಹಳ ಮುಂದೆ ಹೋದ ಕೆಲಸ.

ಆದರೆ ಈ ಎರಡು ವ್ಯಾಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನಿಧಾನವಾಗಿ ಓದಿದರೆ ಅವು ಒಂದೇ ತೂಕದವಲ್ಲವೆಂಬುದು ಕಾಣುತ್ತದೆ. ಮೊದಲನೆಯದು ಕಂಡದ್ದರ ಮೇಲೆ ನಿಂತಿದೆ: ಕೊಕ್ಕು ಮುಟ್ಟದ ಜಾಗದಲ್ಲಿಯೂ ಉರಿಯೂತ ಇದೆ, ಆದ್ದರಿಂದ ಅದನ್ನು ಕೊಕ್ಕು ತಂದಿರಲಾರದು. ಎರಡನೆಯದು ಅರ್ಧ ಕಂಡದ್ದರ ಮೇಲೆ, ಅರ್ಧ ಕಾಣದ್ದರ ಮೇಲೆ ನಿಂತಿದೆ: ಕಿತ್ತ ಜಾಗದಲ್ಲಿ ಗಾಯದ ಗುರುತಿದೆ, ಬೇರೆಡೆ ಏನೂ ಇಲ್ಲ. ಒಡೆದ ಮಡಕೆಯ ಚೂರು ಮಡಕೆ ಒಡೆದಿದೆ ಎಂದು ಹೇಳುತ್ತದೆಯೇ ಹೊರತು ಒಡೆದವರ ಹೆಸರು ಹೇಳುವುದಿಲ್ಲ. ಚರ್ಮದಲ್ಲಿ ಗುರುತು ಬಿಡದ ಕಾರಣಗಳೆಲ್ಲ ಈ ಎರಡನೆಯ ಖಾನೆಗೇ ಬಂದು ಬೀಳುತ್ತವೆ. ಹೊಟ್ಟೆಯೊಳಗಿನ ನೋವಿಗೆ ಅದರ ಮೇಲಿನ ಚರ್ಮದ ಗರಿಗಳನ್ನು ಕಿತ್ತ ಹಕ್ಕಿ, ಸತುವಿನ ವಿಷಕ್ಕೆ ಸಿಕ್ಕಿದ ಹಕ್ಕಿ, ಗೂಡುಕಟ್ಟುವ ಋತುವಿನ ಹಾರ್ಮೋನಿನ ಏರಿಳಿತದಲ್ಲಿ ಎದೆಗರಿ ಕಿತ್ತ ಹಕ್ಕಿ, ಇಡೀ ದಿನ ಕೊಕ್ಕಿಗೆ ಕೆಲಸವಿಲ್ಲದ ಹಕ್ಕಿ, ಇವೆಲ್ಲವೂ ಸೂಕ್ಷ್ಮದರ್ಶಕದಡಿ ಒಂದೇ ಬಗೆಯಾಗಿ ಕಾಣಬಲ್ಲವು. ಅಧ್ಯಯನದ ಕರ್ತೃಗಳು ಆ ಖಾನೆಗೆ ಗಾಯದ ಹೆಸರನ್ನು ಕೊಟ್ಟರು, ಅಂದರೆ ತಾವು ಕಂಡದ್ದಕ್ಕೆ ಹೆಸರಿಟ್ಟರು. ಅದನ್ನು ಮನಸ್ಸಿನ ಖಾನೆಯಾಗಿ ಮಾರ್ಪಡಿಸಿದ್ದು ಅವರ ಓದುಗರು.

ಮೊದಲನೆಯ ಖಾನೆಯೂ ಮೇಲುನೋಟಕ್ಕೆ ಕಾಣುವಷ್ಟು ಭದ್ರವಲ್ಲ. ಎರಡೂ ಜಾಗಗಳಲ್ಲಿ ಕಂಡ ಉರಿಯೂತವು ಕೊಕ್ಕಿನಿಂದ ಬಂದಿರಲಾರದು ಎಂಬವರೆಗೆ ವಾದ ಗಟ್ಟಿಯಾಗಿದೆ. ಅದೇ ಉರಿಯೂತ ಹಕ್ಕಿಯನ್ನು ಕೀಳುವಂತೆ ಮಾಡಿತು ಎಂಬುದು ಬೇರೆಯೇ ಹೆಜ್ಜೆ. ತಲೆಯ ಚರ್ಮದಲ್ಲಿಯೂ ಉರಿಯೂತವಿದ್ದು ಅದರಿಂದ ನವೆ ಹುಟ್ಟುತ್ತಿದ್ದರೆ ಆ ಹಕ್ಕಿ ತಲೆಯನ್ನು ಉಗುರಿನಿಂದ ಕೆರೆದುಕೊಳ್ಳಬೇಕು, ಸರಳಿಗೆ ಉಜ್ಜಬೇಕು. ಹಾಗೆ ಮಾಡುತ್ತಿತ್ತೇ ಎಂಬುದನ್ನು ಚರ್ಮದ ಚೂರು ಹೇಳದು, ಪಂಜರದ ಮುಂದೆ ಕುಳಿತವರು ಹೇಳಬೇಕು. ಇನ್ನು, ದೀರ್ಘಕಾಲದ ಒತ್ತಡ ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಹೊಸ ಮಾತೇನಲ್ಲ. ಚರ್ಮ ಮತ್ತು ನಡವಳಿಕೆ ಒಂದನ್ನೊಂದು ಕೆಡಿಸುತ್ತ ಹೋಗುವ ಸಾಧ್ಯತೆಗೆ ಎರಡು ಖಾನೆಗಳ ವಿಂಗಡಣೆಯಲ್ಲಿ ಜಾಗವೇ ಇಲ್ಲ, ಏಕೆಂದರೆ ಪ್ರತಿ ಹಕ್ಕಿಯೂ ಒಂದು ಖಾನೆಗೆ ಮಾತ್ರ ಸೇರಬೇಕು.

ಕಾಲದ ಪ್ರಶ್ನೆ ಇದಕ್ಕಿಂತ ತೊಡಕಿನದು. ಚರ್ಮದ ಚೂರು ಒಂದು ದಿನದ ಚಿತ್ರ, ಗರಿ ಕೀಳುವಿಕೆಗೆ ತಿಂಗಳುಗಳ, ಹಲವೊಮ್ಮೆ ವರ್ಷಗಳ ಇತಿಹಾಸ. ಯಾವುದೋ ಸೋಂಕಿನ ನವೆಯಿಂದ ಆರಂಭವಾದ ಕೀಳುವಿಕೆ, ಸೋಂಕು ವಾಸಿಯಾದ ಮೇಲೂ ಅಭ್ಯಾಸವಾಗಿ ಉಳಿಯಬಹುದು. ಆಗ ತೆಗೆದ ಚೂರಿನಲ್ಲಿ ಕಲೆ ಮಾತ್ರ ಸಿಗುತ್ತದೆ, ಹಕ್ಕಿ ಗಾಯಜನ್ಯದ ಖಾನೆಗೆ ಹೋಗುತ್ತದೆ, ಆರಂಭದ ಕಾರಣ ಯಾವ ಖಾನೆಗೂ ಹೋಗುವುದಿಲ್ಲ. ಜೊತೆಗೆ, ಈ 408 ಹಕ್ಕಿಗಳು ಪ್ರಯೋಗಾಲಯದವರೆಗೆ ಚರ್ಮ ತಲುಪಿಸಿದ ಹಕ್ಕಿಗಳು. ಮಾಲೀಕರು ಖರ್ಚು ಮಾಡಲು ಸಿದ್ಧರಿದ್ದು, ವೈದ್ಯರು ಸುಲಭದ ಕಾರಣಗಳನ್ನು ದಾಟಿ ಬಂದ ಮೇಲೆ ಉಳಿದ ಕಠಿಣ ಪ್ರಕರಣಗಳು ಇವುಗಳಲ್ಲಿ ಹೆಚ್ಚಿರುವುದು ಸಹಜ. ಹೀಗಿರುವಾಗ 210 ಮತ್ತು 198ರ ಅನುಪಾತವನ್ನು ಸಾಕುಗಿಳಿಗಳೆಲ್ಲದರ ಅನುಪಾತವೆಂದು ಓದುವುದು, ಆಸ್ಪತ್ರೆಯ ದಾಖಲೆಯನ್ನು ಊರಿನ ಜನಗಣತಿಯೆಂದು ಓದಿದ ಹಾಗೆಯೇ ಸರಿ.

ಅಧ್ಯಯನದಲ್ಲಿ ನಿಜವಾಗಿಯೂ ಬೆಲೆಯುಳ್ಳ ಭಾಗವೆಂದರೆ ಜಾತಿವಾರು ಪ್ರವೃತ್ತಿ. ಕಾಕಟೂಗಳಲ್ಲಿಯೂ ಆಫ್ರಿಕನ್ ಗ್ರೇ ಗಿಳಿಗಳಲ್ಲಿಯೂ ಗಾಯಜನ್ಯ ಚಿತ್ರ ಸ್ಪಷ್ಟವಾಗಿ ಮೇಲುಗೈ ಪಡೆಯಿತು. ಮಕಾಗಳಲ್ಲಿ, ಬಹುಶಃ ಅಮೆಜಾನ್ ಗಿಳಿಗಳಲ್ಲಿಯೂ, ಉರಿಯೂತದ ಚಿತ್ರ ಹೆಚ್ಚಾಗಿ ಕಂಡಿತು. ಇತರ ಹಲವು ಜಾತಿಗಳಲ್ಲಿ ಎರಡೂ ಸರಿಸುಮಾರು ಸಮವಾಗಿದ್ದವು. ಮಕಾ ಬಂದರೆ ಅಲರ್ಜಿಯ ಜಾಡನ್ನೂ, ಗ್ರೇ ಬಂದರೆ ದಿನಚರಿಯ ಜಾಡನ್ನೂ ಮೊದಲು ಹಿಡಿಯಬೇಕೆಂಬ ವೈದ್ಯಕೀಯ ವಿವೇಕಕ್ಕೆ ಇದು ಆಧಾರ ಒದಗಿಸುತ್ತದೆ. ಜಾತಿಯಿಂದ ಜಾತಿಗೆ ಬದಲಾಗುವ ಒಂದು ತೊಂದರೆಯನ್ನು ಬಿಡಿ ಹಕ್ಕಿಯ ಮನೋವಿಕಾರವಾಗಿ ಮಾತ್ರ ನೋಡಲಾಗದು ಎಂಬ ಸೂಚನೆಯೂ ಇದರಲ್ಲಿತ್ತು. ಸೂತ್ರಕ್ಕೆ ಮರುಳಾದವರು ಆ ಸೂಚನೆಯನ್ನು ಕಾಣಲಿಲ್ಲ.

ಮನಸ್ಸಿನ ಖಾನೆಯನ್ನು ತುಂಬಲು ಬಂದವರಲ್ಲಿ ಮೂರು ಪಕ್ಷಗಳಿವೆ, ಮೂರರೊಡನೆಯೂ ಜಗಳ ಬಾಕಿಯಿದೆ. ಮೊದಲನೆಯದು ಮನುಷ್ಯರ ಮನೋವೈದ್ಯಶಾಸ್ತ್ರದಿಂದ ಬಂದದ್ದು. ಟ್ರೈಕೊಟಿಲೋಮೇನಿಯಾ ಎಂದರೆ ಮನುಷ್ಯರು ತಮ್ಮ ಕೂದಲನ್ನು ತಾವೇ ಕೀಳುವ ತಡೆಯಲಾಗದ ತುಡಿತ. 1994ರಲ್ಲಿ ಬಾರ್ಡ್‌ನಿಕ್, ಥಯರ್ ಮತ್ತು ರಿಚಿ ಎಂಬವರು ಗರಿ ಕೀಳುವ ಗಿಳಿಯನ್ನು ಈ ಮಾನವರೋಗದ ಪ್ರಾಣಿಮಾದರಿಯಾಗಿ ಮುಂದಿಟ್ಟರು. ಮಾದರಿ ಎಂಬುದು ಯಾರ ಅನುಕೂಲಕ್ಕೆ ಎಂಬುದನ್ನು ಇಲ್ಲಿ ಕೇಳಲೇಬೇಕು. ಮನುಷ್ಯರ ಔಷಧವನ್ನು ಹಕ್ಕಿಗೆ ಕೊಡಲು ಇದು ದಾರಿ ತೆರೆಯಿತು, ಹಕ್ಕಿಯ ತೊಂದರೆಯನ್ನು ಹಕ್ಕಿಯ ಬದುಕಿನಲ್ಲಿ ಹುಡುಕುವ ಅಗತ್ಯವನ್ನು ಅಷ್ಟರಮಟ್ಟಿಗೆ ತಗ್ಗಿಸಿತು. ಕೂದಲು ಕೀಳುವ ವ್ಯಕ್ತಿ ತನ್ನ ತುಡಿತವನ್ನು ಬಾಯಿಬಿಟ್ಟು ಹೇಳಬಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸರಳಿನ ಮೇಲೆ ಕೂರುವ ಕಡ್ಡಾಯ ಅವನಿಗಿಲ್ಲ. ಹಕ್ಕಿಗೆ ಮೊದಲನೆಯದು ಸಾಧ್ಯವಿಲ್ಲ, ಎರಡನೆಯದು ತಪ್ಪಿದ್ದಲ್ಲ. ಹೊರಗಿನ ಹೋಲಿಕೆ ಎಷ್ಟೇ ಗಾಢವಾಗಿರಲಿ, ಈ ಎರಡು ವ್ಯತ್ಯಾಸಗಳನ್ನು ಬದಿಗಿಟ್ಟು ರೋಗನಾಮವನ್ನು ಸಾಗಿಸಿದ್ದು ವಿವೇಕವಲ್ಲ.

ಎರಡನೆಯ ಪಕ್ಷ ಜನಪ್ರಿಯವಾದದ್ದು: ಗಿಳಿ ಬುದ್ಧಿವಂತ ಹಕ್ಕಿ, ಬುದ್ಧಿವಂತನಿಗೆ ಬೇಸರ ಬೇಗ ಬರುತ್ತದೆ, ಬೇಸರ ಬಂದ ಗಿಳಿ ಗರಿ ಕೀಳುತ್ತದೆ. ಪಕ್ಷಿ ಸಾಕುವವರ ಕೈಪಿಡಿಗಳಲ್ಲಿ ಈ ಮಾತಿಗೆ ಶಾಸ್ತ್ರವಾಕ್ಯದ ಗೌರವವಿದೆ. ಜಾರ್ಜಿಯಾ ಮೇಸನ್, ಎಮ್ಮಾ ಮೆಲರ್ ಮತ್ತು ಅವರ ಸಂಗಡಿಗರು 2021ರಲ್ಲಿ ರಾಯಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್ ಬಿ’ ಪತ್ರಿಕೆಯಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನ ಇದರ ಬುಡವನ್ನೇ ಅಲುಗಾಡಿಸಬೇಕಿತ್ತು. ಮನೆಗಳಲ್ಲಿ ಸಾಕಿದ 50 ಜಾತಿಗಳ 1,378 ಗಿಳಿಗಳ ಮಾಹಿತಿಯನ್ನು, ಆ ಜಾತಿಗಳ ವಂಶವೃಕ್ಷದ ಸಂಬಂಧಗಳನ್ನು ಲೆಕ್ಕಕ್ಕೆ ಹಿಡಿದು, ಅವು ಕಾಡಿನಲ್ಲಿ ಬದುಕುವ ರೀತಿಯೊಡನೆ ಹೋಲಿಸಿದ ಈ ಅಧ್ಯಯನಕ್ಕೆ ಎರಡು ಪ್ರತ್ಯೇಕ ಉತ್ತರಗಳು ದೊರೆತವು. ದೇಹಕ್ಕೆ ಹೋಲಿಸಿದರೆ ದೊಡ್ಡ ಮಿದುಳಿರುವ ಜಾತಿಗಳು ಸರಳು ಕಚ್ಚುವುದು, ಹೆಜ್ಜೆಹಾಕುತ್ತಲೇ ಇರುವುದು ಮೊದಲಾದ ಇತರ ಯಾಂತ್ರಿಕ ಪುನರಾವರ್ತನೆಗಳಿಗೆ ಹೆಚ್ಚು ಒಳಗಾಗುತ್ತವೆ. ಗರಿ ಕೆಡಿಸಿಕೊಳ್ಳುವ ನಡವಳಿಕೆಗೆ ಹೆಚ್ಚು ಒಳಗಾಗುವುದು, ತಮ್ಮ ಸಹಜ ಆಹಾರವನ್ನು ತಿನ್ನುವ ಮುಂಚೆ ಬಹಳ ಹೊತ್ತು ಸುಲಿದು, ಒಡೆದು, ಬಿಡಿಸಬೇಕಾದ ಜಾತಿಗಳು. ಬುದ್ಧಿಯ ಬೇಸರ ವಿವರಿಸುವುದು ಒಂದನ್ನಾದರೆ, ಗರಿ ಕೀಳುವಿಕೆಯನ್ನು ವಿವರಿಸುವುದು ಕೊಕ್ಕಿನ ಕಸುಬು. ಇಷ್ಟು ಸ್ಪಷ್ಟವಾದ ಫಲಿತಾಂಶದ ಸಾರವನ್ನು ಹಲವು ಜನಪ್ರಿಯ ಬರಹಗಳು ಬುದ್ಧಿವಂತ ಗಿಳಿಗಳು ಪಂಜರದಲ್ಲಿ ನರಳುತ್ತವೆ ಎಂದು ಮಾತ್ರ ಸಂಗ್ರಹಿಸಿ, ಹಳೆಯ ಮಾತಿಗೇ ಹೊಸ ಸಾಕ್ಷಿಯಾಗಿ ಬಳಸಿಕೊಂಡವು. ಜಾತಿಗಳ ನಡುವಣ ಹೋಲಿಕೆ ಬಿಡಿ ಹಕ್ಕಿಯ ಕಾರಣವನ್ನು ಸಾಬೀತುಪಡಿಸದು ಎಂಬ ಆಕ್ಷೇಪ ಸರಿಯಾದದ್ದೇ. ಸಹಜ ಆಹಾರದ ಯಾವುದೋ ಪೋಷಕಾಂಶ ಮನೆಯ ಆಹಾರದಲ್ಲಿ ಸಿಗದಿರುವ ಸಾಧ್ಯತೆಯೂ ಉಳಿಯುತ್ತದೆ. ಆದರೆ ಆ ಆಕ್ಷೇಪ ಎತ್ತುವವರು ಬೇಸರದ ವಾದಕ್ಕೆ ಇಷ್ಟರ ಮಟ್ಟಿನ ಆಧಾರವನ್ನೂ ಎಂದೂ ಕೇಳಿದವರಲ್ಲ.

ಮೂರನೆಯ ಪಕ್ಷ ವಂಶವಾಹಿಯದು. 2006ರಲ್ಲಿ ಜೋಸೆಫ್ ಗಾರ್ನರ್ (ಚರ್ಮದ ಅಧ್ಯಯನದ ಗಾರ್ನರ್ ಬೇರೆ, ಈ ಇಬ್ಬರನ್ನು ಒಬ್ಬರೆಂದು ಬಗೆದ ಬರಹಗಳೂ ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ) ಮತ್ತು ಸಹೋದ್ಯೋಗಿಗಳು ಡೇವಿಸ್‌ನ ಕಿತ್ತಳೆರೆಕ್ಕೆಯ ಅಮೆಜಾನ್ ಗಿಳಿಗಳಲ್ಲಿ ಗರಿ ಕೀಳುವಿಕೆಗೆ ಬಲವಾದ ಆನುವಂಶಿಕ ಅಂಶವಿದೆಯೆಂದು ಅಂದಾಜಿಸಿದರು. ಒಡಹುಟ್ಟಿದ ಹಕ್ಕಿಗಳ ಹೋಲಿಕೆಯಿಂದ ಬರುವ ಅಂದಾಜಿನಲ್ಲಿ ಒಂದೇ ಗೂಡಿನ, ಒಂದೇ ತಂದೆತಾಯಿಯ ಆರೈಕೆಯ ಪಾಲೂ ಸೇರಿಹೋಗುತ್ತದೆ ಎಂಬುದು ತಳಿಶಾಸ್ತ್ರದ ಮೊದಲ ಪಾಠ. ಅದೇ ಅಧ್ಯಯನದಲ್ಲಿ ಪಂಜರವು ಕೋಣೆಯ ಬಾಗಿಲಿಗೆ ಹೋಲಿಸಿದರೆ ಎಲ್ಲಿತ್ತು ಎಂಬುದೂ ಗರಿ ಕೀಳುವಿಕೆಯ ತೀವ್ರತೆಯೊಡನೆ ಕೂಡಿಬಂದಿತ್ತು. ಹುಟ್ಟುಗುಣವೆಂದು ಕೈಚೆಲ್ಲುವವರು ಬಾಗಿಲಿನ ಮಾತನ್ನು ಎತ್ತುವುದಿಲ್ಲ, ಪಂಜರವನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಲು ಖರ್ಚೇ ಇಲ್ಲದಿದ್ದರೂ.

ಈ ಮೂರೂ ಪಕ್ಷಗಳ ಗದ್ದಲದಲ್ಲಿ ಹಿಂದೆ ಉಳಿದದ್ದು 2003ರ ಡೇವಿಸ್ ಪ್ರಯೋಗ. ಅದರ ರಚನೆ ಸರಳ. ತಂದೆತಾಯಿ ಹಕ್ಕಿಗಳೇ ಸಾಕಿ ಬೆಳೆಸಿದ 16 ಎಳೆಯ ಅಮೆಜಾನ್ ಗಿಳಿಗಳನ್ನು ಒಂದೊಂದಾಗಿ ಪಂಜರಗಳಲ್ಲಿ ಇಟ್ಟು, ಒಂದು ಗುಂಪಿಗೆ ಎರಡು ಬಗೆಯ ಸೌಲಭ್ಯಗಳನ್ನು ಒದಗಿಸಿದರು, ಇನ್ನೊಂದು ಗುಂಪಿಗೆ ಒದಗಿಸಲಿಲ್ಲ. ಮೊದಲ ಬಗೆ ಆಹಾರ ಹುಡುಕುವ ಕೆಲಸ: ತಡೆಯನ್ನು ಕಡಿದು, ಡಬ್ಬಿಯನ್ನು ತೆರೆದು, ತಿನ್ನಲಾಗದ ಕಸದ ನಡುವೆ ತಡಕಿ ತಿನಿಸನ್ನು ಪಡೆಯಬೇಕಾದ ಏರ್ಪಾಡುಗಳು. ಎರಡನೆಯ ಬಗೆ ದೇಹದ ಓಡಾಟ: ಬೇರೆ ಬೇರೆ ಕೂರುಸರಳುಗಳು, ಹತ್ತುವ ಮತ್ತು ತೂಗುವ ಸಲಕರಣೆಗಳು. ಗರಿಗಳ ಸ್ಥಿತಿಯನ್ನು ಹತ್ತು ಅಂಕಗಳ ಅಳತೆಯಲ್ಲಿ 48 ವಾರಗಳ ಕಾಲ ದಾಖಲಿಸಿದರು. ಸೌಲಭ್ಯವಿಲ್ಲದ ಗುಂಪಿನ ಗರಿಗಳು ಕೆಡುತ್ತ ಬಂದವು. ಬಳಿಕ ಅದೇ ಗುಂಪಿಗೆ ಸೌಲಭ್ಯ ಕೊಟ್ಟಾಗ ಗರಿಗಳ ಸ್ಥಿತಿ ಸುಧಾರಿಸಿತು. ಹಕ್ಕಿಗಳು ಎರಡು ಬಗೆಗಳಲ್ಲಿ ಹೆಚ್ಚು ಬಳಸಿದ್ದು ಆಹಾರ ಹುಡುಕುವ ಏರ್ಪಾಡುಗಳನ್ನು.

ಗರಿ ಕೀಳುವಿಕೆಯ ಸಾಹಿತ್ಯದಲ್ಲಿ ಕಾರಣವನ್ನು ಕೊಟ್ಟು ಫಲವನ್ನು ನೋಡಿದ, ಕಾರಣವನ್ನು ತೆಗೆದು ಮತ್ತೆ ನೋಡಿದ ಕೆಲಸಗಳು ಬೆರಳೆಣಿಕೆಯವು. ಚರ್ಮದ ಅಧ್ಯಯನ ಆದ ಹಾನಿಯನ್ನು ವರ್ಗೀಕರಿಸಿತು, ಈ ಪ್ರಯೋಗ ಹಾನಿಯನ್ನು ಕಣ್ಣೆದುರು ಹುಟ್ಟಿಸಿ ಕಣ್ಣೆದುರು ತಗ್ಗಿಸಿತು. ಅದರ ಇನ್ನೊಂದು ಮಾತೂ ಗಮನಕ್ಕೆ ಬಂದಿಲ್ಲ. ಮರಿಗಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಮನುಷ್ಯರು ಕೈತುತ್ತು ಹಾಕಿ ಬೆಳೆಸುವುದೇ ಗರಿ ಕೀಳುವಿಕೆಯ ಮೂಲವೆಂದು ಹೇಳುವವರಿಗೆ, ಇಲ್ಲಿನ ಹಕ್ಕಿಗಳೆಲ್ಲ ತಂದೆತಾಯಿಯ ಆರೈಕೆಯಲ್ಲಿ ಬೆಳೆದವೆಂಬುದು ಉತ್ತರ. ಕೈತುತ್ತು ಬೇರೆ ಕೆಡುಕುಗಳನ್ನು ತರಬಹುದು, ಆದರೆ ಗರಿ ಕೀಳಲು ಅದು ಅನಿವಾರ್ಯವಾಗಿರಲಿಲ್ಲ. ಪ್ರಯೋಗದ ಮಿತಿಗಳೂ ಬಚ್ಚಿಡುವಂಥವಲ್ಲ. ಹಕ್ಕಿಗಳು ಹದಿನಾರೇ, ಜಾತಿ ಒಂದೇ, ಎಲ್ಲವೂ ಎಳೆಯವು. ಹುಡುಕಾಟ ಮತ್ತು ಓಡಾಟ ಎರಡನ್ನೂ ಒಟ್ಟಿಗೆ ಕೊಟ್ಟದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಲು ಕಷ್ಟ. ಈ ಕೊನೆಯ ಕೊರತೆಯನ್ನು ನೆದರ್ಲೆಂಡ್ಸಿನ ಲುಮೈ ಮತ್ತು ಹೊಮೆಲ್ಸ್ 2008ರಲ್ಲಿ ಸ್ವಲ್ಪಮಟ್ಟಿಗೆ ತುಂಬಿದರು. ಗರಿ ಕೀಳುವ ಆಫ್ರಿಕನ್ ಗ್ರೇ ಗಿಳಿಗಳಿಗೆ, ತಿನಿಸನ್ನು ರಂಧ್ರಗಳಿಂದ ಕೊಕ್ಕಿನಲ್ಲಿ ಸರಿಸಿ ಹೊರತೆಗೆಯಬೇಕಾದ ಕೊಳವೆಗಳನ್ನು ಒದಗಿಸಿದಾಗ ಹುಡುಕುವ ಹೊತ್ತೂ ಹೆಚ್ಚಿತು, ಗರಿಗಳೂ ಸುಧಾರಿಸಿದವು. ಗ್ರೇ ಎಂದರೆ 2008ರ ಇನ್ನೊಂದು ಅಧ್ಯಯನದಲ್ಲಿ ಗಾಯಜನ್ಯದ ಖಾನೆಗೆ ಹೆಚ್ಚಾಗಿ ಬಿದ್ದ ಜಾತಿ. ಒಂದೇ ವರ್ಷದ ಈ ಎರಡು ಕೆಲಸಗಳನ್ನು ಒಟ್ಟಿಗಿಟ್ಟು ಓದಿದ್ದರೆ ಆ ಖಾನೆಗೆ ಮನಸ್ಸಿನ ಹೆಸರು ಅಂಟಿಸುವ ಅವಸರ ಇರುತ್ತಿರಲಿಲ್ಲ.

ಔಷಧಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹ್ಯಾಲೊಪೆರಿಡಾಲ್, ಫ್ಲುವೊಕ್ಸೆಟಿನ್ ಮೊದಲಾದ ಮನುಷ್ಯರ ಮನೋರೋಗದ ಮದ್ದುಗಳ ವರದಿಗಳು ಬಹುಪಾಲು ಬಿಡಿ ಪ್ರಕರಣಗಳವು. ಲಿನ್ ಸೈಬರ್ಟ್ ಮತ್ತು ಸಂಗಡಿಗರು 2004ರಲ್ಲಿ ಕಾಕಟೂಗಳ ಮೇಲೆ ನಡೆಸಿದ ಕ್ಲೊಮಿಪ್ರಮಿನ್ ಪರೀಕ್ಷೆ ಇದಕ್ಕೆ ಗೌರವಾರ್ಹ ಅಪವಾದ, ಏಕೆಂದರೆ ಅದರಲ್ಲಿ ಕೆಲವು ಹಕ್ಕಿಗಳಿಗೆ ನಿಜವಾದ ಮದ್ದು, ಕೆಲವಕ್ಕೆ ಮದ್ದಿನ ಗುಣವಿಲ್ಲದ ಹುಸಿಮದ್ದು ಕೊಟ್ಟು ಹೋಲಿಸಿದ್ದರು, ಮದ್ದು ಪಡೆದ ಹಕ್ಕಿಗಳು ಸುಧಾರಿಸಿದ್ದವು. ಆದರೆ ಅದು ಆರು ವಾರಗಳ ಪರೀಕ್ಷೆ, ಕಾಕಟೂ ದಶಕಗಳ ಕಾಲ ಬದುಕುವ ಹಕ್ಕಿ. ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಕೊಕ್ಕು ಮೈಗೆ ತಲುಪದಂತೆ ಮಾಡುವ ಕ್ರಮ ರಕ್ತ ಸುರಿಯುವ ಗಾಯವಿದ್ದಾಗ ಜೀವ ಉಳಿಸಬಲ್ಲದು. ಗರಿ ಬರಲೆಂದು ಮಾತ್ರ ಅದನ್ನು ಕಟ್ಟಿದರೆ, ಕೆಲಸವಿಲ್ಲದ ಕೊಕ್ಕಿಗೆ ಇದ್ದ ಒಂದು ಕೆಲಸವನ್ನೂ ಕಸಿದ ಹಾಗಾಗುತ್ತದೆ. ಗರಿಗಳಿಗೆ ಸಿಂಪಡಿಸುವ ಕಹಿದ್ರಾವಣಗಳ ಬಗ್ಗೆ ಇಷ್ಟೂ ಹೇಳಬೇಕಾಗಿಲ್ಲ.

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡು-ತೋಟಗಳ ಗಿಳಿಗಳನ್ನು ಹಿಡಿದು ಸಾಕುವುದು ಅಪರಾಧ. ಆದ್ದರಿಂದ ಬೆಂಗಳೂರು, ಮಂಗಳೂರುಗಳ ಮನೆಗಳಲ್ಲಿ ಕಾನೂನಿನ ಚೌಕಟ್ಟಿನೊಳಗೆ ಇರಬಹುದಾದ ಗಿಳಿಗಳು ಗ್ರೇ, ಕಾಕಟೂ, ಮಕಾ, ಕಾಕಟೀಲ್‌ಗಳಂಥ ಹೊರದೇಶದವು, ಅಂದರೆ ಮೇಲಿನ ಅಧ್ಯಯನಗಳಲ್ಲಿ ಬರುವ ಜಾತಿಗಳೇ. 2024ರ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಜೀವಿಗಳ ನೋಂದಣಿಯೂ ಕಡ್ಡಾಯ. ಜೋಡಿಚೂರಿನ ಬಯಾಪ್ಸಿ ಮಾಡಿ ಓದಬಲ್ಲ ಪಕ್ಷಿತಜ್ಞರು ಇಲ್ಲಿ ಕೆಲವೇ ಕಡೆ ಸಿಗುತ್ತಾರೆ. ಹಾಗಾಗಿ, ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಬರಬೇಕಾದ ಮನೋವಿಕಾರದ ತೀರ್ಪು, ಏನನ್ನೂ ತಳ್ಳಿಹಾಕುವ ಮುಂಚೆಯೇ ಬಂದುಬಿಡುವ ಅಪಾಯ ಇಲ್ಲಿ ಹೆಚ್ಚು. ರಕ್ತಪರೀಕ್ಷೆ, ಮಲಪರೀಕ್ಷೆ, ವೈರಸ್ಸಿನ ಪರೀಕ್ಷೆ, ಲೋಹದ ಚೂರು ನುಂಗಿದೆಯೇ ಎಂದು ನೋಡುವ ಎಕ್ಸ್‌ರೇ, ಸತುವಿನ ಲೇಪನ ಕಿತ್ತುಬರುತ್ತಿರುವ ತಂತಿಜಾಲರಿಯ ಪಂಜರವನ್ನು ಬದಲಿಸುವುದು, ಇಷ್ಟು ಮೊದಲು ಆಗಬೇಕು.

ಇವೆಲ್ಲ ಆದ ಮೇಲೆ ಉಳಿಯುವ ಚಿಕಿತ್ಸೆಗೆ ವಿದೇಶದ ಆಟಿಕೆಗಳ ಅಗತ್ಯವಿಲ್ಲ. ಡೇವಿಸ್‌ನಲ್ಲಿ ಕೊಟ್ಟದ್ದು ಕೆಲಸ, ಕೈಪಿಡಿಗಳು ಅದನ್ನು ಆಟಿಕೆಯೆಂದು ಓದಿ ಗಂಟೆ ಮತ್ತು ಕನ್ನಡಿಗಳನ್ನು ತೂಗುಹಾಕಿಸಿದವು. ಕಾಡಿನ ಗಿಳಿ ಹಗಲಿನ ಹಲವು ಗಂಟೆಗಳನ್ನು ಆಹಾರ ಹುಡುಕುವುದರಲ್ಲಿ ಕಳೆಯುತ್ತದೆ, ಬಟ್ಟಲಲ್ಲಿ ಸುರಿದ ಸೂರ್ಯಕಾಂತಿ ಬೀಜ ಅದಕ್ಕೆ ಸ್ವಲ್ಪ ಹೊತ್ತಿನ ಕೆಲಸ. ಸಿಪ್ಪೆ ಸಮೇತ ಕಟ್ಟಿದ ಮುಸುಕಿನ ಜೋಳದ ತೆನೆ, ಬಟಾಣಿಯ ಇಡೀ ಕಾಯಿ, ಕಾಳನ್ನು ಒಳಗಿಟ್ಟು ಕಾಗದದಿಂದ ಬಾಯಿ ಮುಚ್ಚಿದ ಕರಟ, ತೊಗಟೆ ಸುಲಿಯಲು ಸೀಬೆಯ ಕೊಂಬೆ, ಇವು ಇಲ್ಲಿನ ಯಾವ ಮನೆಗೂ ಎಟುಕುತ್ತವೆ. (ಕಡಲೆಕಾಯಿಯ ಬೂಷ್ಟಿನ ವಿಷ ಮತ್ತು ಗಿಳಿಗಳಿಗೆ ಬೆಣ್ಣೆಹಣ್ಣೇ ವಿಷವೆಂಬುದು ನೆನಪಿನಲ್ಲಿರಬೇಕು.) ಏರ್ಪಾಡನ್ನು ಆಗಾಗ ಬದಲಿಸದಿದ್ದರೆ ಹಕ್ಕಿ ಅದರ ಗುಟ್ಟನ್ನು ಕಲಿತು, ಬಟ್ಟಲಿನಷ್ಟೇ ಬೇಗ ಮುಗಿಸುತ್ತದೆ.

ವರ್ಷಗಳಿಂದ ಕಿತ್ತುಕೊಂಡೇ ಬಂದ ಹಕ್ಕಿಯ ವಿಷಯ ಬೇರೆ. ಗರಿ ಹುಟ್ಟುವ ಚರ್ಮದ ಗುಳಿ, ಅಂದರೆ ಗರಿಕೂಪ, ಮತ್ತೆ ಮತ್ತೆ ಕಿತ್ತುದರಿಂದ ಕಲೆಗಟ್ಟಿ ಸತ್ತರೆ ಅಲ್ಲಿ ಗರಿ ಎಂದಿಗೂ ಬಾರದು. ಅಂಥ ಹಕ್ಕಿ ಕೀಳುವುದನ್ನು ಪೂರ್ತಿ ನಿಲ್ಲಿಸಿದರೂ ಎದೆ ಬೋಳಾಗಿಯೇ ಇರುತ್ತದೆ, ಹತ್ತು ಅಂಕಗಳ ಅಳತೆಯಲ್ಲಿ ಅದರ ಅಂಕ ಏರುವುದಿಲ್ಲ, ಮಾಲೀಕರು ಚಿಕಿತ್ಸೆ ಸೋತಿತೆಂದು ಹಳೆಯ ಬಟ್ಟಲಿಗೇ ಮರಳುತ್ತಾರೆ. ಗರಿಯನ್ನೇ ಮುಖ್ಯ ಅಳತೆಯಾಗಿ ಹಿಡಿದದ್ದು ಡೇವಿಸ್ ಪ್ರಯೋಗವೂ ಸೇರಿ ಈ ಸಾಹಿತ್ಯದ ಬಹುಭಾಗದ ದೋಷ, ಎಳೆಯ ಹಕ್ಕಿಗಳಿದ್ದುದರಿಂದ ಅಲ್ಲಿ ಅದು ಬಾಧಿಸಲಿಲ್ಲ. ಹಳೆಯ ರೋಗಿಯ ಚೀಟಿಯಲ್ಲಿ ವೈದ್ಯರು ಪ್ರತಿ ಭೇಟಿಗೂ ಬರೆದಿಡಬೇಕಾದದ್ದು, ಹಕ್ಕಿಯ ಕೊಕ್ಕು ದಿನದಲ್ಲಿ ಎಷ್ಟು ಹೊತ್ತು ತಿನಿಸಿನ ಕೆಲಸದಲ್ಲಿತ್ತು, ಎಷ್ಟು ಹೊತ್ತು ಅದರ ಮೈಮೇಲಿತ್ತು ಎಂಬ ಎರಡು ಅಂಕಿಗಳನ್ನು.